ಫ್ಯಾರನ್‌ಹೀಟ್ 9/11: ತುಣುಕುಗಳು ನಿಜ, ಬೆಸುಗೆ?

2004ರ ಜುಲೈ ಕೊನೆಯ ಹೊತ್ತಿಗೆ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ ಊರಿನ 'ಪ್ಯಾಂಟಾಗ್ರಾಫ್' ದಿನಪತ್ರಿಕೆ ಸಾಕ್ಷ್ಯಚಿತ್ರ ನಿರ್ದೇಶಕ ಮೈಕಲ್ ಮೂರ್ ಅವರಿಗೆ ಪತ್ರ ಬರೆಯಿತು. ಬೇಡಿಕೆ ಎರಡೇ: ಕ್ಷಮೆ ಕೇಳಬೇಕು, ಪರಿಹಾರವಾಗಿ ಒಂದು ಡಾಲರ್ ಕೊಡಬೇಕು. ಮೂರ್ ಅವರ ಹೊಸ ಚಿತ್ರದಲ್ಲಿ ಆ ಪತ್ರಿಕೆಯ ಪುಟವೊಂದು ಕ್ಷಣಕಾಲ ಕಾಣಿಸಿಕೊಳ್ಳುತ್ತದೆ. 2001ರ ಡಿಸೆಂಬರ್ 19ರ ದಿನಾಂಕ, ಫ್ಲಾರಿಡಾದ ಮರುಎಣಿಕೆಯ ಪ್ರಕಾರ 2000ದ ಅಧ್ಯಕ್ಷೀಯ ಚುನಾವಣೆ ಗೆದ್ದವರು ಅಲ್ ಗೋರ್ ಎಂಬ ದಪ್ಪ ತಲೆಬರಹ. ಪತ್ರಿಕೆಯವರು ಹಳೆಯ ಸಂಚಿಕೆ ತೆಗೆದು ನೋಡಿದರೆ ಆ ದಿನ ಅಂಥ ಸುದ್ದಿಯೇ ಇರಲಿಲ್ಲ. ಆ ಸಾಲು ಅಚ್ಚಾದದ್ದು ಡಿಸೆಂಬರ್ 5ರಂದು, ಅದೂ ಒಳಪುಟದ ವಾಚಕರ ಪತ್ರವೊಂದರ ಮೇಲೆ, ಸಣ್ಣ ಅಕ್ಷರದಲ್ಲಿ. ಓದುಗನೊಬ್ಬನ ಅಭಿಪ್ರಾಯ ತೆರೆಯ ಮೇಲೆ ಪತ್ರಿಕೆಯ ವರದಿಯಾಗಿ ನಿಂತಿತ್ತು.

ಆ ಹೊತ್ತಿಗೆ 'ಫ್ಯಾರನ್‌ಹೀಟ್ 9/11' ಅಮೆರಿಕವೊಂದರಲ್ಲೇ ಹತ್ತು ಕೋಟಿ ಡಾಲರ್ ಗಳಿಕೆ ದಾಟಿತ್ತು. ಇರಾಕ್ ಯುದ್ಧ ನಡೆಯುತ್ತಿರುವಾಗಲೇ, ಅಧ್ಯಕ್ಷೀಯ ಚುನಾವಣೆಯ ವರ್ಷದಲ್ಲೇ, ಯುದ್ಧವಿರೋಧಿ ಸಾಕ್ಷ್ಯಚಿತ್ರವೊಂದು ಇಷ್ಟು ಜನರನ್ನು ಚಿತ್ರಮಂದಿರಕ್ಕೆ ಎಳೆದು ತಂದದ್ದು ಅದಕ್ಕೆ ಮುಂಚೆ ಇರಲಿಲ್ಲ. ಗಳಿಕೆಯಲ್ಲಿ ಅದನ್ನು ಮೀರಿಸಿದ ರಾಜಕೀಯ ಸಾಕ್ಷ್ಯಚಿತ್ರ ಆಮೇಲೂ ಬಂದಿಲ್ಲ. ಇಂಥ ಚಿತ್ರಕ್ಕೆ ಆ ಸುಳ್ಳು ಪುಟ ಬೇಕೇ ಇರಲಿಲ್ಲ ಎನ್ನುವುದು ಸಂಕಟದ ಸಂಗತಿ. ಫ್ಲಾರಿಡಾದ ವಿವಾದಿತ ಮತಪತ್ರಗಳನ್ನು, ಸುಮಾರು 1,75,000 ಚೀಟಿಗಳನ್ನು, ದೊಡ್ಡ ಸುದ್ದಿಸಂಸ್ಥೆಗಳು ಒಟ್ಟಾಗಿ ಪರಿಶೀಲನೆ ಮಾಡಿಸಿದ್ದವು. ಗೋರ್ ಕಡೆಯವರು ಕೇಳಿದ್ದ ಸೀಮಿತ ಮರುಎಣಿಕೆ ನಡೆದಿದ್ದರೆ ಗೆಲ್ಲುತ್ತಿದ್ದವರು ಎದುರಾಳಿ ಜಾರ್ಜ್ ಬುಷ್. ರಾಜ್ಯದ ಇಡೀ ವಿವಾದಿತ ಮತಗಳನ್ನು ಎಣಿಸಿದ್ದರೆ ಗೋರ್ ಕೂದಲೆಳೆಯ ಅಂತರದಲ್ಲಿ ಮುಂದಿರುತ್ತಿದ್ದರು ಎಂದು 2001ರ ನವೆಂಬರ್‌ನಲ್ಲೇ ಗೊತ್ತಾಗಿತ್ತು. ಮೂರ್ ಇಷ್ಟನ್ನೇ ಹೇಳಿದ್ದರೂ ಮಾತು ಗಟ್ಟಿಯಾಗಿಯೇ ಇರುತ್ತಿತ್ತು.

ಮೂರ್ ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದ ಮನುಷ್ಯ. ಜನರಲ್ ಮೋಟಾರ್ಸ್ ಕಾರ್ಖಾನೆಗಳು ಮುಚ್ಚಿ ಊರು ಬಡವಾದದ್ದನ್ನು 1989ರ 'ರೋಜರ್ ಅಂಡ್ ಮಿ'ಯಲ್ಲಿ ತೋರಿಸಿ ಹೆಸರಾದವರು. 2003ರ ಮಾರ್ಚ್ 23ರಂದು, ಇರಾಕ್ ಮೇಲೆ ಬಾಂಬು ಬೀಳತೊಡಗಿ ಒಂದು ವಾರವೂ ಆಗಿರದಾಗ, 'ಬೌಲಿಂಗ್ ಫಾರ್ ಕೊಲಂಬೈನ್' ಚಿತ್ರಕ್ಕೆ ಆಸ್ಕರ್ ತೆಗೆದುಕೊಳ್ಳುತ್ತಾ ವೇದಿಕೆಯಿಂದಲೇ ಬುಷ್‌ರನ್ನು ಖಂಡಿಸಿದರು. ಚಪ್ಪಾಳೆಯ ಜೊತೆಗೆ ಗೇಲಿಯ ಕೂಗೂ ಕೇಳಿತು. ಮರುವರ್ಷ ಡಿಸ್ನಿ ಕಂಪನಿ ತನ್ನದೇ ಅಂಗಸಂಸ್ಥೆ ಮಿರಾಮ್ಯಾಕ್ಸ್ ಈ ಹೊಸ ಚಿತ್ರವನ್ನು ಹಂಚದಂತೆ ತಡೆಯಿತು. ಮಿರಾಮ್ಯಾಕ್ಸ್ ನಡೆಸುತ್ತಿದ್ದ ವೈನ್‌ಸ್ಟೀನ್ ಸಹೋದರರು ಹಕ್ಕುಗಳನ್ನು ಸ್ವಂತಕ್ಕೆ ಕೊಂಡು ಬೇರೆ ಹಂಚಿಕೆದಾರರನ್ನು ಹುಡುಕಿದರು. ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕ್ವೆಂಟಿನ್ ಟರಂಟಿನೊ ಅಧ್ಯಕ್ಷತೆಯ ತೀರ್ಪುಗಾರರು ಅದಕ್ಕೆ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ಡಿ'ಓರ್ ಕೊಟ್ಟರು. 1956ರಲ್ಲಿ ಕುಸ್ಟೊ ಮತ್ತು ಲೂಯಿ ಮಾಲ್ ಅವರ ಸಾಗರದಾಳದ ಚಿತ್ರಕ್ಕೆ ಸಿಕ್ಕಿದ ಮೇಲೆ ಸಾಕ್ಷ್ಯಚಿತ್ರವೊಂದಕ್ಕೆ ಆ ಗೌರವ ದಕ್ಕಿದ್ದು ಅದೇ ಮೊದಲು. ಜೂನ್ 25ರ ವಾರಾಂತ್ಯ ಕೇವಲ 868 ಚಿತ್ರಮಂದಿರಗಳಲ್ಲಿ ತೆರೆಕಂಡು 2.39 ಕೋಟಿ ಡಾಲರ್ ತಂದು ಮೊದಲ ಸ್ಥಾನಕ್ಕೇರಿತು. ತಯಾರಿಗೆ ತಗುಲಿದ್ದು 60 ಲಕ್ಷ ಡಾಲರ್. ಜಗತ್ತಿನಾದ್ಯಂತ ಗಳಿಸಿದ್ದು 22 ಕೋಟಿಗೂ ಹೆಚ್ಚು.

ಮೂರ್‌ಗೆ ಮುಂದೇನಾಗಲಿದೆ ಎಂದು ಗೊತ್ತಿತ್ತು. ಬಿಡುಗಡೆಗೆ ಮೊದಲೇ ಸಂಗತಿಗಳ ಖಚಿತತೆಯನ್ನು ತಪಾಸಣೆ ಮಾಡುವವರನ್ನು, ವಕೀಲರನ್ನು ನೇಮಿಸಿ ಚಿತ್ರಕಥೆಯ ಸಾಲು ಸಾಲನ್ನೂ ಜಾಲಾಡಿಸಿದರು. ನಂತರ ಆಧಾರಗಳನ್ನೆಲ್ಲ ಸೇರಿಸಿ ಪುಸ್ತಕವನ್ನೇ ತಂದರು. ಟೀಕಾಕಾರರೂ ಸುಮ್ಮನಿರಲಿಲ್ಲ. ಪತ್ರಕರ್ತ ಕ್ರಿಸ್ಟೋಫರ್ ಹಿಚೆನ್ಸ್ ಬಿಡುಗಡೆಗೆ ನಾಲ್ಕು ದಿನ ಮುಂಚೆಯೇ 'ಸ್ಲೇಟ್'ನಲ್ಲಿ ಉಗ್ರವಾಗಿ ಬರೆದರು. ಡೇವ್ ಕೋಪೆಲ್ ಎಂಬ ಬರಹಗಾರ ಐವತ್ತೊಂಬತ್ತು ವಂಚನೆಗಳೆಂದು ಪಟ್ಟಿ ಮಾಡಿದರು. 'ನ್ಯೂಸ್‌ವೀಕ್'ನ ಮೈಕಲ್ ಇಸಿಕಾಫ್ ಮತ್ತು ಮಾರ್ಕ್ ಹೊಸೆನ್‌ಬಾಲ್ ಹಣದ ಲೆಕ್ಕಗಳನ್ನು ಕೆದಕಿದರು. ಎರಡೂ ಕಡೆಯ ವಾದಗಳನ್ನು ಇಂದು ಪಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ: ಒಂದೊಂದೇ ವಾಕ್ಯವನ್ನು ಹಿಡಿದರೆ ಮೂರ್ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತಾರೆ, ಎರಡು ವಾಕ್ಯಗಳ ನಡುವೆ ಏನಾಯಿತು ಎಂದು ಕೇಳಿದರೆ ಸಿಕ್ಕಿಬೀಳುತ್ತಾರೆ.

ಸೌದಿ ವಿಮಾನಗಳ ಪ್ರಸಂಗವನ್ನೇ ನೋಡಬಹುದು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದ ಆಕಾಶವಿಡೀ ಮುಚ್ಚಿತ್ತು. ಚಿತ್ರದಲ್ಲಿ ನಿಲ್ದಾಣಗಳಲ್ಲಿ ಸಿಕ್ಕಿಹಾಕಿಕೊಂಡ ಪ್ರಯಾಣಿಕರು ಕಾಣುತ್ತಾರೆ, ಗಾಯಕ ರಿಕಿ ಮಾರ್ಟಿನ್ ಕೂಡ ಹಾರಲಾಗದೆ ಉಳಿದ ಮಾತು ಬರುತ್ತದೆ. ಅದರ ಬೆನ್ನಿಗೇ, ಆ ಹೊತ್ತಿನಲ್ಲಿ ಹಾರಲು ಬಯಸಿದವರು ಬಿನ್ ಲಾಡೆನ್ ಕುಟುಂಬದವರು ಮಾತ್ರ ಎಂಬ ನಿರೂಪಣೆ. ಆಮೇಲೆ ಸೆಪ್ಟೆಂಬರ್ 13ರ ನಂತರ 142 ಮಂದಿ ಸೌದಿಗಳು, ಅವರಲ್ಲಿ ಬಿನ್ ಲಾಡೆನ್ ಬಂಧುಗಳೂ, ದೇಶ ಬಿಟ್ಟರೆಂಬ ಅಂಕಿಅಂಶ. 'ನಂತರ' ಎಂಬುದು ಅಲ್ಲಿದೆ, ಆದ್ದರಿಂದ ವಾಕ್ಯ ಸುಳ್ಳಲ್ಲ. ಆದರೆ ಚಿತ್ರಮಂದಿರದಿಂದ ಹೊರಬಂದ ಎಷ್ಟೋ ಜನರ ತಲೆಯಲ್ಲಿ ಉಳಿದದ್ದು, ಎಲ್ಲರಿಗೂ ಆಕಾಶ ಮುಚ್ಚಿದ್ದಾಗ ಇವರಿಗೆ ಮಾತ್ರ ತೆರೆದಿತ್ತು ಎಂಬ ಚಿತ್ರ. 9/11 ತನಿಖಾ ಆಯೋಗ 2004ರ ಜುಲೈ 22ರಂದು ವರದಿ ಕೊಟ್ಟಾಗ, ವಾಯುಮಾರ್ಗ ಮತ್ತೆ ತೆರೆಯುವ ಮುಂಚೆ ಸೌದಿ ಪ್ರಜೆಗಳ ಯಾವ ವಿಮಾನವೂ ದೇಶದಿಂದ ಹೊರಟ ಪುರಾವೆ ಇಲ್ಲ ಎಂದಿತು. ಸೆಪ್ಟೆಂಬರ್ 20ರಂದು ಹೊರಟ ಬಿನ್ ಲಾಡೆನ್ ಬಂಧುಗಳ ವಿಮಾನದಲ್ಲಿದ್ದ 26 ಮಂದಿಯಲ್ಲಿ 22 ಜನರನ್ನು ಎಫ್‌ಬಿಐ ಪ್ರಶ್ನಿಸಿತ್ತು. ಒಪ್ಪಿಗೆ ಕೊಟ್ಟವರು ತಾವೇ ಎಂದು ಹೇಳಿಕೊಂಡದ್ದು ಶ್ವೇತಭವನದ ಭಯೋತ್ಪಾದನಾ ನಿಗ್ರಹ ಮುಖ್ಯಸ್ಥರಾಗಿದ್ದ ರಿಚರ್ಡ್ ಕ್ಲಾರ್ಕ್. ಅದೇ ಕ್ಲಾರ್ಕ್ ಈ ಚಿತ್ರದಲ್ಲಿ ಬುಷ್ ವಿರುದ್ಧದ ಮುಖ್ಯ ಸಾಕ್ಷಿಗಳಲ್ಲಿ ಒಬ್ಬರು. ವಿಮಾನಗಳಿಗೆ ಅವರು ಕೊಟ್ಟ ಒಪ್ಪಿಗೆಯ ಮಾತನ್ನು ಮಾತ್ರ ನಿರೂಪಣೆ ಎತ್ತುವುದಿಲ್ಲ.

ಹಣದ ಕಥೆಯೂ ಇದೇ ಬಗೆಯದು. ಸೌದಿಗಳಿಂದ ಬುಷ್ ಕುಟುಂಬಕ್ಕೂ ಅವರ ಆಪ್ತವಲಯಕ್ಕೂ 140 ಕೋಟಿ ಡಾಲರ್ ಹರಿದಿದೆ ಎಂದು ಚಿತ್ರ ಹೇಳುತ್ತದೆ. ಲೆಕ್ಕ ಕ್ರೇಗ್ ಅಂಗರ್ ಅವರ ಪುಸ್ತಕದ್ದು. ಇಸಿಕಾಫ್ ಮತ್ತು ಹೊಸೆನ್‌ಬಾಲ್ ಅದನ್ನು ಬಿಡಿಸಿ ನೋಡಿದಾಗ, ಅದರಲ್ಲಿ ಸುಮಾರು 118 ಕೋಟಿ ಡಾಲರ್ ಸೌದಿ ಪಡೆಗಳಿಗೆ ತರಬೇತಿ ಕೊಡುವ ಬಿಡಿಎಂ ಎಂಬ ಕಂಪನಿಯ ಗುತ್ತಿಗೆ ಹಣವೆಂದು ಗೊತ್ತಾಯಿತು. ಬಿಡಿಎಂ ಕಾರ್ಲೈಲ್ ಗುಂಪೆಂಬ ಹೂಡಿಕೆ ಸಂಸ್ಥೆಯ ಒಡೆತನದಲ್ಲಿತ್ತು, ಅಧ್ಯಕ್ಷರ ತಂದೆ ಹಿರಿಯ ಬುಷ್ ಕಾರ್ಲೈಲ್‌ಗೆ ಸಲಹೆಗಾರರಾಗಿದ್ದರು, ಎರಡೂ ನಿಜ. ಹಿರಿಯ ಬುಷ್ ಅಲ್ಲಿಗೆ ಸೇರಿದ್ದು ಮಾತ್ರ 1998ರಲ್ಲಿ; ಅದಕ್ಕೆ ಮುಂಚೆಯೇ ಕಾರ್ಲೈಲ್ ಬಿಡಿಎಂ ಅನ್ನು ಮಾರಿತ್ತು. ಅಂಗರ್ ಇದಕ್ಕೆ ಉತ್ತರಿಸಿದರು: ಜೇಮ್ಸ್ ಬೇಕರ್‌ರಂಥ ಆಪ್ತರು ಅದಕ್ಕೂ ಮುಂಚಿನಿಂದ ಕಾರ್ಲೈಲ್‌ನಲ್ಲಿದ್ದರಲ್ಲ ಎಂದು. ಉತ್ತರದಲ್ಲಿ ಹುರುಳಿದೆ. ಆದರೂ 'ಆಪ್ತವಲಯ' ಎಂಬ ಪದ ಹೊರಬೇಕಾದ ಭಾರ ಅತಿಯಾಯಿತು. ಅಫ್ಘಾನಿಸ್ತಾನದ ಯುದ್ಧದ ಹಿಂದೆ ಯುನೊಕಾಲ್ ಕಂಪನಿಯ ಅನಿಲ ಕೊಳವೆಯ ಆಸೆಯಿತ್ತು ಎಂಬ ಸೂಚನೆಯೂ ಹಾಗೇ. ಯುನೊಕಾಲ್ 1998ರಲ್ಲೇ ಆ ಯೋಜನೆಯಿಂದ ಹಿಂದೆ ಸರಿದಿತ್ತು.

ಸಣ್ಣ ಪ್ರಸಂಗಗಳೂ ಇವೆ. ಬಿಳಿ ಟೈ ಕಟ್ಟಿಕೊಂಡ ಶ್ರೀಮಂತರ ಮುಂದೆ ಬುಷ್, ನಿಮ್ಮನ್ನು ಜನ ಗಣ್ಯರೆನ್ನುತ್ತಾರೆ, ನಾನು ನನ್ನ ಬೆಂಬಲದ ನೆಲೆಯೆನ್ನುತ್ತೇನೆ ಎಂಬರ್ಥದ ಮಾತಾಡುವ ದೃಶ್ಯ ಪ್ರೇಕ್ಷಕರನ್ನು ಕೆರಳಿಸಿತು. ಅದು 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಲ್ ಸ್ಮಿತ್ ಸಹಾಯಾರ್ಥ ಔತಣ. ಅಲ್ಲಿ ಅಭ್ಯರ್ಥಿಗಳು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವುದು ಸಂಪ್ರದಾಯ, ಗೋರ್ ಕೂಡ ಅಂದು ಅದನ್ನೇ ಮಾಡಿದ್ದರು. ಭಯೋತ್ಪಾದಕರನ್ನು ತಡೆಯಿರೆಂದು ಗಂಭೀರವಾಗಿ ಹೇಳಿ ಮರುಕ್ಷಣ ಗಾಲ್ಫ್ ಹೊಡೆತ ನೋಡಿ ಎನ್ನುವ ತುಣುಕು 2002ರ ಆಗಸ್ಟ್‌ನದು, ಬುಷ್ ಆಗ ಮಾತಾಡುತ್ತಿದ್ದದ್ದು ಇಸ್ರೇಲಿನಲ್ಲಿ ನಡೆದ ಬಾಂಬ್ ದಾಳಿಯ ಬಗ್ಗೆ. ತಮ್ಮ ಮಕ್ಕಳನ್ನು ಇರಾಕಿಗೆ ಕಳಿಸುತ್ತೀರಾ ಎಂದು ಮೂರ್ ಸಂಸದರನ್ನು ಬೀದಿಯಲ್ಲಿ ಹಿಡಿದು ಕೇಳುವ ದೃಶ್ಯದಲ್ಲಿ ಮಿನೆಸೋಟದ ಮಾರ್ಕ್ ಕೆನಡಿ ಪೆಚ್ಚಾಗಿ ನಿಂತಂತೆ ಕಾಣುತ್ತಾರೆ. ಸೋದರಳಿಯನೊಬ್ಬ ಅಫ್ಘಾನಿಸ್ತಾನಕ್ಕೆ ಹೊರಟಿದ್ದಾನೆಂದು ಅವರು ಕೊಟ್ಟ ಉತ್ತರ ಸಂಕಲನದಲ್ಲಿ ಬಿದ್ದುಹೋಗಿತ್ತು.

ಹಿಚೆನ್ಸ್ ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು ಯುದ್ಧಕ್ಕೆ ಮುಂಚಿನ ಬಾಗ್ದಾದಿನ ದೃಶ್ಯ. ಗಾಳಿಪಟ ಹಾರಿಸುವ ಮಗು, ನಗುವ ಹೆಂಗಸರು, ಹೋಟೆಲಿನಲ್ಲಿ ಕೂತ ಜನ. ಅದಾದ ಕೂಡಲೇ ಬಾಂಬುಗಳು. ಯುದ್ಧದ ಹೊಡೆತ ಬೀಳುವುದು ಇಂಥ ಸಾಮಾನ್ಯರ ಮೇಲೆ ಎಂಬ ಮಾತು ನಿಜವೇ. ಇರಾಕಿನ ಮಕ್ಕಳೂ ಗಾಳಿಪಟ ಹಾರಿಸುತ್ತಿದ್ದರು. ಆದರೆ ಅದೇ ನೆಲದಲ್ಲಿ ಸದ್ದಾಂ ಹುಸೇನ್ ಆಳಿಕೆಯ ಸೆರೆಮನೆಗಳಿದ್ದವು, 1988ರಲ್ಲಿ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಸುರಿದ ಇತಿಹಾಸವಿತ್ತು. ಎರಡು ಗಂಟೆಯ ಚಿತ್ರದಲ್ಲಿ ಅದಕ್ಕೆ ಎರಡು ನಿಮಿಷವೂ ಸಿಗಲಿಲ್ಲ. ಸದ್ದಾಂ ಕ್ರೂರಿಯೆಂದು ಒಪ್ಪಿಕೊಂಡೂ ಈ ಯುದ್ಧ ತಪ್ಪೆಂದು ವಾದಿಸಬಹುದಿತ್ತು. ಆಗ ಯುದ್ಧವನ್ನು ಬೆಂಬಲಿಸಿದವರೂ ಕಿವಿಗೊಡಬೇಕಾಗುತ್ತಿತ್ತು.

ಇಷ್ಟೆಲ್ಲ ದೋಷ ಎಣಿಸಿದ ಮೇಲೆ ಇನ್ನೊಂದು ತಕ್ಕಡಿಯನ್ನೂ ನೋಡಲೇಬೇಕು. ಚಿತ್ರದ ಮೂಲ ವಾದ, ಈ ಯುದ್ಧವನ್ನು ಜನರಿಗೆ ಸುಳ್ಳು ಕಾರಣ ಹೇಳಿ ಮಾರಲಾಯಿತು ಎಂಬುದು, ಕಾಲದ ಪರೀಕ್ಷೆಯಲ್ಲಿ ಗೆದ್ದಿತು. ಇರಾಕ್ ಮತ್ತು ಅಲ್ ಕೈದಾ ಕೈಜೋಡಿಸಿ ದಾಳಿ ನಡೆಸಿದ್ದಕ್ಕೆ ಪುರಾವೆಯಿಲ್ಲ ಎಂದು 9/11 ಆಯೋಗವೇ ಹೇಳಿತು. ಸಾಮೂಹಿಕ ವಿನಾಶದ ಅಸ್ತ್ರಗಳ ಸಂಗ್ರಹ ಇರಾಕಿನಲ್ಲಿ ಇರಲಿಲ್ಲ ಎಂದು ಅಮೆರಿಕ ಸರ್ಕಾರವೇ ಕಳಿಸಿದ್ದ ಚಾರ್ಲ್ಸ್ ಡುಲ್ಫರ್ ನೇತೃತ್ವದ ತಂಡ 2004ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಅದೇ ವರ್ಷದ ಮೇ 26ರಂದು 'ನ್ಯೂಯಾರ್ಕ್ ಟೈಮ್ಸ್' ಯುದ್ಧಪೂರ್ವದ ತನ್ನ ವರದಿಗಳಲ್ಲಿ ಬೇಕಾದಷ್ಟು ಬಿಗಿ ಇರಲಿಲ್ಲವೆಂದು ಓದುಗರ ಮುಂದೆ ಒಪ್ಪಿಕೊಂಡಿತ್ತು. ತಲೆಬರಹ, ದಿನಾಂಕ, ಹೆಸರುಗಳಲ್ಲಿ ತಪ್ಪು ಮಾಡದ ದೊಡ್ಡ ಪತ್ರಿಕೆಗಳು ಮುಖ್ಯ ಪ್ರಶ್ನೆಯಲ್ಲಿ ಎಡವಿದ್ದವು. ಚಿಕ್ಕ ಸಂಗತಿಗಳಲ್ಲಿ ಎಡವಿದ ಮೂರ್ ಮುಖ್ಯ ಪ್ರಶ್ನೆಯಲ್ಲಿ ಸರಿಯಾಗಿದ್ದರು.

ಹಾಗೆಂದು ಲೆಕ್ಕ ಚುಕ್ತಾ ಆಯಿತು ಎನ್ನಲಾಗದು. 2003ರ ಆಗಸ್ಟ್‌ನಲ್ಲಿ 'ವಾಷಿಂಗ್ಟನ್ ಪೋಸ್ಟ್' ನಡೆಸಿದ ಜನಾಭಿಪ್ರಾಯ ಸಂಗ್ರಹದಲ್ಲಿ ಶೇ 69ರಷ್ಟು ಅಮೆರಿಕನ್ನರು ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಂ ಕೈವಾಡ ಇದ್ದಿರಬಹುದೆಂದು ನಂಬಿದ್ದರು. ಸದ್ದಾಂ ಆ ದಾಳಿ ಮಾಡಿಸಿದನೆಂದು ಬುಷ್ ನೇರವಾಗಿ ಹೇಳಿರಲಿಲ್ಲ. ಅಂಥ ಪುರಾವೆಯಿಲ್ಲವೆಂದು ಆ ಸೆಪ್ಟೆಂಬರ್ 17ರಂದು ಅವರೇ ಹೇಳಿದರು. ಹಾಗಿದ್ದರೆ ಆ ನಂಬಿಕೆ ಎಲ್ಲಿಂದ ಬಂತು? ಭಾಷಣದ ಮೇಲೆ ಭಾಷಣದಲ್ಲಿ ಸೆಪ್ಟೆಂಬರ್ 11, ಸದ್ದಾಂ, ಅಲ್ ಕೈದಾ ಎಂಬ ಮಾತುಗಳು ಪಕ್ಕಪಕ್ಕ ಬಂದದ್ದರಿಂದ. ನಡುವಿನ ಸಂಬಂಧವನ್ನು ಕೇಳುಗರೇ ಬೆಸೆದುಕೊಂಡರು. ಸೌದಿ ದೊರೆಗಳು, ಬುಷ್ ಕುಟುಂಬ, ವಿಮಾನಗಳು, ಕೊಳವೆ ಎಂದು ಮೂರ್ ತೆರೆಯ ಮೇಲೆ ಸಾಲಾಗಿಟ್ಟದ್ದೂ ಇದೇ ವಿಧಾನದಲ್ಲಿ. ಒಂದು ಯುದ್ಧವನ್ನು ಹುಟ್ಟಿಸಿತು, ಇನ್ನೊಂದು ಅದನ್ನು ವಿರೋಧಿಸಲು ಹೊರಟಿತು, ಫಲದಲ್ಲಿ ಅಜಗಜಾಂತರವಿದೆ. ಆದರೆ ಯಾವ ಉಪಾಯದಿಂದ ಜನ ಮೋಸಹೋದರೋ ಅದನ್ನು ಬಯಲಿಗೆಳೆಯಬೇಕಾದ ಚಿತ್ರ ಆ ಉಪಾಯವನ್ನೇ ಬಳಸಿದ್ದು ಯುದ್ಧವಿರೋಧಿಗಳಿಗೇ ಆದ ನಷ್ಟ.

ಈ ಜಗಳ ಮೂರ್‌ರಿಂದ ಶುರುವಾದದ್ದಲ್ಲ. ವಿಯೆಟ್ನಾಂ ಯುದ್ಧದ ಕುರಿತ ಪೀಟರ್ ಡೇವಿಸ್ ಅವರ 1974ರ 'ಹಾರ್ಟ್ಸ್ ಅಂಡ್ ಮೈಂಡ್ಸ್' ಚಿತ್ರದಲ್ಲಿ ದಕ್ಷಿಣ ವಿಯೆಟ್ನಾಂ ಸೈನಿಕನೊಬ್ಬನ ಅಂತ್ಯಸಂಸ್ಕಾರ ಬರುತ್ತದೆ. ಬಂಧುಗಳು ಗೋಳಾಡುತ್ತಾರೆ, ಹೆಂಗಸೊಬ್ಬಳು ಗುಂಡಿಗೇ ಇಳಿಯಲು ಹೊರಡುತ್ತಾಳೆ. ತಕ್ಷಣವೇ ಆ ಯುದ್ಧದಲ್ಲಿ ಅಮೆರಿಕದ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ವೆಸ್ಟ್‌ಮೋರ್ಲೆಂಡ್, ಪೂರ್ವದ ಜನರಿಗೆ ಜೀವ ಅಷ್ಟು ಬೆಲೆಯದ್ದಲ್ಲ ಎಂಬರ್ಥದ ಮಾತಾಡುತ್ತಾರೆ. ಆ ಎರಡು ಚಿತ್ರಗಳ ನಡುವಿನ ಕತ್ತರಿ ಸಾಕ್ಷ್ಯಚಿತ್ರದ ಇತಿಹಾಸದಲ್ಲೇ ಪ್ರಸಿದ್ಧ. ಅದನ್ನು ಅನ್ಯಾಯವೆಂದವರಿದ್ದಾರೆ. ಆದರೆ ಜನರಲ್ ಹೇಳಿದ್ದು ಏನೋ ಅದೇ ಅಲ್ಲಿದೆ, ಅವರು ಹೇಳಿದ್ದು ಯಾರ ಬಗ್ಗೆಯೋ ಅವರೇ ಪಕ್ಕದಲ್ಲಿದ್ದಾರೆ. ಮಾತು ಮತ್ತು ದೃಶ್ಯ ಒಂದೇ ವಿಷಯಕ್ಕೆ ಸೇರಿವೆ. ಗಾಲ್ಫ್ ಮೈದಾನದ ತುಣುಕಿನ ಬಗ್ಗೆ ಹೀಗೆ ಹೇಳಲಾಗದು.

'ಫ್ಯಾರನ್‌ಹೀಟ್'ನಲ್ಲೂ ಇಂಥ ಗಟ್ಟಿ ದೃಶ್ಯಗಳಿಗೆ ಕೊರತೆಯಿಲ್ಲ. ಫ್ಲಾರಿಡಾದ ಸರಸೋಟದ ಶಾಲಾ ಕೋಣೆಯಲ್ಲಿ ಎರಡನೆಯ ವಿಮಾನ ಅಪ್ಪಳಿಸಿದ ಸುದ್ದಿಯನ್ನು ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಆಂಡ್ರ್ಯೂ ಕಾರ್ಡ್ ಕಿವಿಯಲ್ಲಿ ಹೇಳಿ ಹೋದ ಮೇಲೆ ಬುಷ್ ಮಕ್ಕಳ ಪಾಠಪುಸ್ತಕ ಹಿಡಿದು ಕೂತೇ ಇರುತ್ತಾರೆ. ಆ ದಿನ ಶಾಲೆಯಲ್ಲೇ ಚಿತ್ರೀಕರಿಸಿದ ವಿಡಿಯೋವನ್ನು ಮೂರ್ ಕೇಳಿ ಪಡೆದಿದ್ದರು. ಐದರಿಂದ ಏಳು ನಿಮಿಷ ಎಂಬುದನ್ನು ಆಯೋಗವೂ ದಾಖಲಿಸಿದೆ. ಬುಷ್ ಮನಸ್ಸಿನಲ್ಲಿ ಆಗ ಏನಿದ್ದಿರಬಹುದೆಂಬ ಮೂರ್ ಅವರ ಊಹೆಯ ಮಾತುಗಳನ್ನು ಅಳಿಸಿಬಿಟ್ಟರೂ ದೃಶ್ಯದ ಬಲ ಕುಗ್ಗುವುದಿಲ್ಲ. ಅವಳಿ ಗೋಪುರಗಳ ದಾಳಿಯನ್ನು ಅವರು ತೋರಿಸುವುದೇ ಇಲ್ಲ: ತೆರೆ ಪೂರ್ತಿ ಕಪ್ಪು, ಸದ್ದು ಮಾತ್ರ. ಸಾವಿನ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದ್ದ ಟಿವಿ ವಾಹಿನಿಗಳಿಗಿಂತ ಇಲ್ಲಿ ಸಂಯಮವಿತ್ತು. ಫ್ಲಿಂಟ್ ಸಮೀಪದ ಮಾಲ್ ಒಂದರ ಹೊರಗೆ ಸೇನಾ ನೇಮಕಾತಿಯವರು ಕೆಲಸವಿಲ್ಲದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಮಾತಿಗೆಳೆಯುವುದನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಶ್ರೀಮಂತರು ಬರುವ ಇನ್ನೊಂದು ಮಾಲ್‌ನತ್ತ ಅವರು ತಲೆಹಾಕುವುದಿಲ್ಲ. ಯುದ್ಧಕ್ಕೆ ಯಾರ ಮಕ್ಕಳು ಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಮತ್ತೆ, ಚಿತ್ರದಲ್ಲಿ ಬರುವ ಒಬ್ಬ ತಾಯಿ. ಫ್ಲಿಂಟ್‌ನವರೇ, ಮನೆಯ ಮುಂದೆ ದಿನವೂ ಧ್ವಜ ಹಾರಿಸುವವರು, ಮಕ್ಕಳಿಗೆ ಸೇನೆ ಸೇರಿರೆಂದು ತಾವೇ ಹೇಳಿದವರು. 2003ರ ಏಪ್ರಿಲ್ 2ರಂದು ಇರಾಕಿನಲ್ಲಿ ಹೆಲಿಕಾಪ್ಟರ್ ಬಿದ್ದು ಅವರ ಮಗ ತೀರಿಕೊಂಡ. ಮಗ ಬರೆದ ಕೊನೆಯ ಪತ್ರವನ್ನು ಅವರು ಮನೆಯವರ ಮುಂದೆ ಓದುತ್ತಾರೆ. ಅಧ್ಯಕ್ಷರ ಬಗ್ಗೆ, ಆ ಯುದ್ಧದ ಬಗ್ಗೆ ಮಗನ ಸಿಟ್ಟು ಅದರಲ್ಲಿದೆ. ಆಮೇಲೆ ಅವರು ಶ್ವೇತಭವನದ ಎದುರು ನಿಂತಾಗ ದಾರಿಹೋಕ ಹೆಂಗಸೊಬ್ಬಳು ಇದೆಲ್ಲ ನಾಟಕ ಎಂದು ಮುಖಕ್ಕೇ ಹೇಳುತ್ತಾಳೆ. ಐವತ್ತೊಂಬತ್ತು ತಪ್ಪು ಹುಡುಕಿದವರೂ ಈ ಭಾಗದಲ್ಲಿ ಅಳ್ಳಾಡಿಸುವಂಥದ್ದನ್ನು ಕಾಣಲಿಲ್ಲ. ಮೂರ್ ಬಾಯಿ ಮುಚ್ಚಿ ಕ್ಯಾಮೆರಾ ಹಿಡಿಸಿದಲ್ಲೆಲ್ಲ ಚಿತ್ರ ಗೆದ್ದಿದೆ, ಧ್ವನಿ ಏರಿಸಿ ಚುಕ್ಕೆ ಸೇರಿಸಿದಲ್ಲಿ ಸೋತಿದೆ.

ಚಿತ್ರದಲ್ಲಿ ಕಾಣುವವರ ಮೇಲೂ ಈ ಬೆಸುಗೆಯ ಹೊರೆ ಬೀಳುತ್ತದೆ. ಎರಡೂ ಕೈ ಕಳೆದುಕೊಂಡ ಸೈನಿಕನೊಬ್ಬ ಆಸ್ಪತ್ರೆಯಿಂದ ಟಿವಿ ವಾಹಿನಿಗೆ ನೋವಿನ ಔಷಧದ ಬಗ್ಗೆ ಮಾತಾಡಿದ್ದ ತುಣುಕನ್ನು ಮೂರ್ ಬಳಸಿದ್ದರು. ಗಾಯಾಳುಗಳನ್ನು ಸರ್ಕಾರ ಕೈಬಿಟ್ಟಿದೆ ಎಂಬ ಸಂಸದರೊಬ್ಬರ ಮಾತಿನ ಪಕ್ಕ ಅದು ಬಂತು. ತಾನು ಯುದ್ಧವನ್ನು ಬೆಂಬಲಿಸುವವನು, ತನ್ನನ್ನು ವಿರೋಧಿಯಂತೆ ತೋರಿಸಲಾಗಿದೆ ಎಂದು ಆತ 8.5 ಕೋಟಿ ಡಾಲರ್ ಕೇಳಿ ದಾವೆ ಹೂಡಿದ. ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಅದನ್ನು ತಳ್ಳಿಹಾಕಿತು. ಕಾನೂನಿನಂತೆ ಮಾನಹಾನಿ ಆಗಿಲ್ಲ, ಸರಿ. ನೊಂದವನ ಮುಖವನ್ನು ಅವನು ಒಪ್ಪದ ವಾದಕ್ಕೆ ಬಳಸಬಹುದೇ ಎಂಬ ಪ್ರಶ್ನೆ ನ್ಯಾಯಾಲಯದ್ದಲ್ಲ, ಚಿತ್ರ ಮಾಡುವವರದ್ದು.

ಭಾರತದಲ್ಲಿ ಯುದ್ಧವಿರೋಧಿ ಸಾಕ್ಷ್ಯಚಿತ್ರದ ಖಚಿತತೆಯ ಚರ್ಚೆ ಇಷ್ಟು ದೂರ ಬರುವುದೇ ಅಪರೂಪ. 1998ರ ಪೋಖರಣ್ ಪರಮಾಣು ಪರೀಕ್ಷೆಯ ನಂತರದ ಉಪಖಂಡವನ್ನು ಕುರಿತ ಆನಂದ್ ಪಟವರ್ಧನ್ ಅವರ 'ಜಂಗ್ ಔರ್ ಅಮನ್' 2002ರಲ್ಲಿ ಸೆನ್ಸಾರ್ ಮಂಡಳಿಯ ಮುಂದೆ ಹೋದಾಗ ಇಪ್ಪತ್ತೊಂದು ಕಡೆ ಕತ್ತರಿ ಹಾಕಲು ಸೂಚನೆ ಬಂತು. ಬಾಂಬೆ ಹೈಕೋರ್ಟ್ 2003ರಲ್ಲಿ ಒಂದೂ ಕಡಿತವಿಲ್ಲದೆ ತೋರಿಸಲು ಅನುಮತಿ ಕೊಟ್ಟಿತು. ನಿರ್ದೇಶಕರ ವರ್ಷ ಕಳೆದದ್ದು ಚಿತ್ರವನ್ನು ಜನ ನೋಡಬಹುದೇ ಎಂಬ ಹೋರಾಟದಲ್ಲಿ. ಅದರಲ್ಲಿ ಹೇಳಿದ್ದು ಸರಿಯೇ ಎಂದು ಕೇಳುವ ಹಂತಕ್ಕೆ ಜನ ತಲುಪುವ ಹೊತ್ತಿಗೆ ಬಿಸಿ ಆರಿತ್ತು. ಅಮೆರಿಕದಲ್ಲಿ ಮೂರ್ ಚಿತ್ರಕ್ಕೆ ಎದುರಾಗಿ 2004ರಲ್ಲೇ 'ಫ್ಯಾರನ್‌ಹೈಪ್ 9/11', 'ಸೆಲ್ಸಿಯಸ್ 41.11' ಮುಂತಾದ ಚಿತ್ರಗಳು ಬಂದವು. ಅವುಗಳಲ್ಲೂ ಅತಿರೇಕವಿತ್ತು, ಆದರೆ ಉತ್ತರ ಕೊಡುವ ದಾರಿ ಅದೇ.

ಇನ್ನು ಪರಿಣಾಮ. ಮೂರ್ ಬಚ್ಚಿಡಲಿಲ್ಲ: ಬುಷ್ ಸೋಲಬೇಕೆಂಬುದೇ ಅವರ ಗುರಿ. ಮತದಾನಕ್ಕೆ ಮುಂಚೆ ಟಿವಿಯಲ್ಲಿ ತೋರಿಸುವ ಆಸೆಯಿಂದ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಸ್ಪರ್ಧೆಯನ್ನೇ ಬಿಟ್ಟರು, ಅಕ್ಟೋಬರ್ 5ಕ್ಕೆ ಡಿವಿಡಿ ತಂದರು. ಚಿತ್ರ ನೋಡಿದವರಲ್ಲಿ ಹೆಚ್ಚಿನವರು ಮೊದಲೇ ಬುಷ್‌ರನ್ನು ಒಪ್ಪದವರು ಎಂದು ಆ ಬೇಸಿಗೆಯ ಸಮೀಕ್ಷೆಗಳು ತೋರಿಸಿದವು. ನವೆಂಬರ್ 2ರಂದು ಬುಷ್ ಶೇ 50.7 ಮತ ಪಡೆದು ಮತ್ತೆ ಗೆದ್ದರು. ಅಮೆರಿಕದ ಪಡೆಗಳು ಇರಾಕ್ ಬಿಟ್ಟದ್ದು 2011ರ ಡಿಸೆಂಬರ್‌ನಲ್ಲಿ.

ಚಿತ್ರದ ಗುರುತು ಉಳಿದದ್ದು ಯಾರೂ ಎಣಿಸದ ಜಾಗದಲ್ಲಿ. 2004ರ ಜೂನ್‌ನಲ್ಲಿ 'ಸಿಟಿಜನ್ಸ್ ಯುನೈಟೆಡ್' ಎಂಬ ಬಲಪಂಥೀಯ ಸಂಸ್ಥೆ ಫೆಡರಲ್ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತು: ಈ ಚಿತ್ರದ ಟಿವಿ ಜಾಹೀರಾತುಗಳು ಕಂಪನಿಯ ದುಡ್ಡಿನಲ್ಲಿ ನಡೆಯುವ ಚುನಾವಣಾ ಪ್ರಚಾರ, 2002ರ ಕಾಯ್ದೆಯಡಿ ಅದಕ್ಕೆ ತಡೆ ಹಾಕಬೇಕು ಎಂದು. ಆಯೋಗ ದೂರನ್ನು ವಜಾ ಮಾಡಿತು. ಸಂಸ್ಥೆಯ ಅಧ್ಯಕ್ಷ ಡೇವಿಡ್ ಬಾಸಿ ಆಗ ಬೇರೆ ಪಾಠ ಕಲಿತರು. ಸಾಕ್ಷ್ಯಚಿತ್ರದಿಂದ, ಅದರ ಜಾಹೀರಾತಿನಿಂದ ರಾಜಕೀಯ ಮಾಡಬಹುದಾದರೆ ನಾವೂ ಮಾಡೋಣ ಎಂದು ಚಿತ್ರ ತಯಾರಿಕೆಗೆ ಇಳಿದರು. 'ಸೆಲ್ಸಿಯಸ್ 41.11' ಅವರದೇ. 2008ರಲ್ಲಿ ಹಿಲರಿ ಕ್ಲಿಂಟನ್ ವಿರುದ್ಧ 'ಹಿಲರಿ: ದಿ ಮೂವಿ' ತಯಾರಿಸಿ, ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆ ನಡೆಯುತ್ತಿದ್ದಾಗಲೇ ಕೇಬಲ್ ಟಿವಿಯಲ್ಲಿ ತೋರಿಸಲು ಹೊರಟಾಗ ಅದೇ ಕಾಯ್ದೆ ಅಡ್ಡ ಬಂತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2010ರ ಜನವರಿ 21ರಂದು ಐವರ ಬಹುಮತದಿಂದ, ನಾಲ್ವರ ವಿರೋಧದ ನಡುವೆ, ಚುನಾವಣೆಯ ಹೊತ್ತಿನಲ್ಲಿ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಸ್ವತಂತ್ರವಾಗಿ ಪ್ರಚಾರಕ್ಕೆ ಹಣ ಸುರಿಯುವುದನ್ನು ಸರ್ಕಾರ ತಡೆಯುವಂತಿಲ್ಲ ಎಂಬ ತೀರ್ಪು ಬಂತು. ಅದೇ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಆ ತೀರ್ಪನ್ನು ಆಧಾರವಾಗಿಟ್ಟುಕೊಂಡು ಇಂಥ ಪ್ರಚಾರ ನಡೆಸುವ ಗುಂಪುಗಳಿಗೆ ಸಲ್ಲುವ ದೇಣಿಗೆಯ ಮಿತಿಯನ್ನೂ ತೆಗೆದುಹಾಕಿತು. ಅಲ್ಲಿಂದ ಮುಂದೆ ಅಮೆರಿಕದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ 'ಸೂಪರ್ ಪ್ಯಾಕ್'ಗಳೆಂಬ ಹೆಸರಿನಲ್ಲಿ ಮಿತಿಯಿಲ್ಲದ ಹಣ ಹರಿಯುತ್ತಿದೆ.